ನ್ಯೂಯಾರ್ಕ್ ದಾಟುವವರೆಗೂ ನಿಲ್ಲಬಾರದು

ಎಲ್ಡನ್ ಹಾಕ್‌ನಷ್ಟು ಕಾನೂನಿಗೆ ಹೆದರುವ ಮನುಷ್ಯ ನಮ್ಮ ಕ್ರೈಡರ್ಸ್ ಗ್ಯಾಪಿನಲ್ಲಿ ಇನ್ನೊಬ್ಬನಿರಲಿಲ್ಲ. ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವೆ ನಾನೂರು ಮನೆಯ ಊರು ನಮ್ಮದು. ಮನೆಗೆ ಎರಡಾದರೂ ಬಂದೂಕು, ಜಿಂಕೆ ಬೇಟೆ ಶುರುವಾಗುವ ದಿನ ಶಾಲೆಗೂ ರಜೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಎಲ್ಡನ್, ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ನಿಲುಗಡೆ ಫಲಕದ ಮುಂದೆ ಪೂರ್ತಿ ನಿಲ್ಲಿಸಿ, ಎಡಕ್ಕೆ ಬಲಕ್ಕೆ ಎರಡೆರಡು ಸಲ ನೋಡಿಯೇ ಮುಂದೆ ಹೋಗುತ್ತಿದ್ದ. ಹಿಂದಿನ ಗಾಡಿಯವರು ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದರು.

ಅವನು ಬೇಟೆ ಕಲಿಯುವವರಿಗೆ ಸುರಕ್ಷತೆಯ ಪಾಠ ಹೇಳುವ ಮೇಷ್ಟ್ರೂ ಆಗಿದ್ದ. ಊರಿನ ಬೇಟೆ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಪ್ರತಿ ವರ್ಷ ಅದೇ ಪಾಠ, ಅದೇ ಮಾತು. “ಪೊಲೀಸ್ನೋರು ಗಾಡಿ ನಿಲ್ಸಿದ್ರೆ ಎರಡೂ ಕೈ ಸ್ಟೀರಿಂಗ್ ಮೇಲಿರ್ಲಿ. ಅವ್ರು ಕೇಳೋಕ್ ಮುಂಚೆ ನೀವೇ ಹೇಳ್ಬಿಡಿ, ಸರ್, ಗಾಡೀಲಿ ಬಂದೂಕಿದೆ ಅಂತ. ಅದು ಮರ್ಯಾದೆ. ನೀವು ಮರ್ಯಾದೆ ಕೊಟ್ರೆ ಅವ್ರೂ ಕೊಡ್ತಾರೆ.” ನಮ್ಮ ಕಡೆ ಅದು ನಿಜವೂ ಹೌದು. ಹಾಗೆ ಹೇಳಿದವನಿಗೆ ನಮ್ಮ ಪೊಲೀಸರು, ಈ ಸಲ ಎಷ್ಟು ಕವಲಿನ ಕೊಂಬಿನ ಜಿಂಕೆ ಸಿಕ್ಕಿತು ಎಂದು ಕೇಳಿ ಕಳಿಸಿಕೊಡುತ್ತಾರೆ.

ತಮಾಷೆ ಏನೆಂದರೆ ಈ ಮೇಷ್ಟ್ರಿಗೆ ಗುರಿ ಇರಲಿಲ್ಲ. ಗುರಿ ಇದ್ದದ್ದು ಹೆಂಡತಿ ಅರ್ಲೀನಳಿಗೆ. ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ಎತ್ತಿ ಗಟ್ಟಿಯಾದ ಕೈ ಅವಳದು. ಅಪ್ಪನಿಂದ ಬಂದ ಸಣ್ಣ ಗುಂಡಿನ ಹಳೆಯ ಪಾಯಿಂಟ್ ಟೂಟೂ ಪಿಸ್ತೂಲನ್ನು ಒಂದೇ ಕೈಯಲ್ಲಿ ನೀಟಾಗಿ ಚಾಚಿ ನಿಂತಳೆಂದರೆ ಮುಗಿಯಿತು. ಕ್ಲಬ್ಬಿನ ಪಂದ್ಯಗಳಲ್ಲಿ ಗೆದ್ದವರಿಗೆ ಹೊಗೆ ಹಿಡಿಸಿದ ಹಂದಿಯ ತೊಡೆ ಬಹುಮಾನ. ಒಂದು ಚಳಿಗಾಲದಲ್ಲಿ ಅವಳು ಆರು ಗೆದ್ದು, ಇಟ್ಟುಕೊಳ್ಳಲು ಜಾಗವಿಲ್ಲದೆ ಬೀದಿಗೆಲ್ಲ ಹಂಚಿದ್ದಳು. ಎಲ್ಡನ್ ಅವಳ ಪೆಟ್ಟಿಗೆ ಹೊರುವವನು, ಅವಳು ಹೊಡೆದ ಕಾಗದಗಳನ್ನು ತಂದು ತೂತು ನೋಡುವವನು. ಅದರಲ್ಲಿ ಅವನಿಗೆ ಒಂದಿಷ್ಟೂ ಬೇಸರವಿರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಅವಳ ಗುರಿಯೇ ಅವನ ಹೆಮ್ಮೆ.

ಪ್ರತಿ ಜೂನಿನಲ್ಲಿ ವರ್ಮಾಂಟಿನಲ್ಲಿ ಅರವತ್ತು ದಾಟಿದವರಿಗೊಂದು ಪಂದ್ಯ. ಪೆನ್ಸಿಲ್ವೇನಿಯಾದಲ್ಲಿ ಅವಳ ಪಿಸ್ತೂಲಿಗೆ ಯಾರ ಅಡ್ಡಿಯೂ ಇಲ್ಲ, ವರ್ಮಾಂಟಿನಲ್ಲೂ ಇಲ್ಲ. ನಡುವೆ ಮಾತ್ರ ನ್ಯೂಯಾರ್ಕ್ ರಾಜ್ಯ ಕಾಲು ಚಾಚಿಕೊಂಡು ಮಲಗಿದೆ. ಅಲ್ಲಿ ಆ ರಾಜ್ಯದ ಪರವಾನಗಿ ಇಲ್ಲದೆ ಪಿಸ್ತೂಲು ಇದ್ದರೆ ಜೈಲು. ಆದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನೊಂದಿದೆ: ಹೊರಟ ಕಡೆಯೂ ಸೇರುವ ಕಡೆಯೂ ಬಂದೂಕಿಗೆ ಅಡ್ಡಿಯಿಲ್ಲದಿದ್ದರೆ ನಡುವಿನ ರಾಜ್ಯವನ್ನು ದಾಟಿಹೋಗಬಹುದು. ಗುಂಡು ತೆಗೆದಿರಬೇಕು, ಕೈಗೆಟುಕದ ಹಾಗೆ ಇಟ್ಟಿರಬೇಕು. ಆ ಕಾನೂನಿನ ಪ್ರತಿಯನ್ನು ಎಲ್ಡನ್ ಪ್ಲಾಸ್ಟಿಕ್ ಹೊದಿಸಿ ಕಾರಿನಲ್ಲಿಟ್ಟುಕೊಂಡಿದ್ದ. ದಾಟುವಾಗ ಎಷ್ಟು ಹೊತ್ತು ಎಲ್ಲಿ ನಿಲ್ಲಬಹುದು ಅನ್ನುವುದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಬರೆದಿಲ್ಲ ಅಂದಮೇಲೆ ನಿಲ್ಲಲೇಬಾರದು ಎಂದು ಅವನೇ ಒಂದು ಗೆರೆ ಎಳೆದುಕೊಂಡ. ಮೂರು ಗಂಟೆ ಹತ್ತು ನಿಮಿಷದ ದಾರಿ. ಹನ್ನೊಂದು ವರ್ಷ ಹೋಗುತ್ತ ಇಪ್ಪತ್ತೆರಡು ಸಲ ಆ ರಾಜ್ಯ ದಾಟಿದ್ದ, ಒಮ್ಮೆಯೂ ಅವನ ಚಕ್ರ ನಿಂತಿರಲಿಲ್ಲ.

ಆ ವರ್ಷ ಹೊರಟಾಗ ಬೆಳಗಿನ ಐದೂವರೆ. ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ, ಗುಂಡುಗಳು ಬೇರೆ ಪೆಟ್ಟಿಗೆಯಲ್ಲಿ, ಎರಡೂ ಕಾರಿನ ಡಿಕ್ಕಿಯಲ್ಲಿ. ಮುಂದೆ ಅರ್ಲೀನಳ ಕಾಲ ಹತ್ತಿರ ಬೀಟ್‌ರೂಟ್ ರಸ, ವಿನೆಗರಿನ ಹುಳಿಯಲ್ಲಿ ನೆನೆಹಾಕಿದ ಕೆಂಪು ಮೊಟ್ಟೆಗಳ ಡಬ್ಬಿ. ರಾಜ್ಯದ ಗಡಿಗೆ ಎಂಟು ಮೈಲಿ ಇರುವಾಗ, ಪ್ರತಿ ಸಲದಂತೆ ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದ. ಇಬ್ಬರೂ ಶೌಚಕ್ಕೆ ಹೋಗಿ ಬಂದರು. ಅರ್ಲೀನ್ ದೊಡ್ಡ ಲೋಟದ ಕಾಫಿ ಹಿಡಿದುಕೊಂಡು ಬಂದದ್ದು ನೋಡಿ ಅವನ ಮುಖ ಗಂಟಿಕ್ಕಿತು.

“ಅಷ್ಟು ಕುಡಿದ್ರೆ ಮಧ್ಯೆ ನಿಲ್ಸು ಅಂತೀಯ.”

“ಅಂದೆ ಅಂದ್ಕೋ, ನಿಲ್ಲಿಸ್ತೀಯಾ?”

“ಇಲ್ಲ.”

“ಮತ್ಯಾಕೆ ಚಿಂತೆ? ಸೀಟು ನಿಂದು, ಒದ್ದೆಯಾದ್ರೆ ನೀನೇ ತೊಳ್ಕೋ,” ಎಂದು ಅವಳು ಅವನೆದುರೇ ಒಂದು ದೊಡ್ಡ ಗುಟುಕು ಕುಡಿದಳು. ಕ್ಯಾಷಿನ ಹತ್ತಿರವಿದ್ದ ಹೆಂಗಸು ನಕ್ಕಳು. ಎಲ್ಡನ್ ನಗಲಿಲ್ಲ, ಗಡಿಯಾರ ನೋಡಿಕೊಂಡ. ಎಂಟೂ ಹತ್ತು.

ಒಂಬತ್ತು ಗಂಟೆಯ ಹೊತ್ತಿಗೆ ಅರ್ಲೀನ್ ಸೀಟಿನಲ್ಲಿ ಒಂದು ಸಲ ಮಿಸುಕಾಡಿದಳು. ಬೆನ್ನಿನಲ್ಲಿ, ಎರಡು ಹೆಗಲುಗಳ ನಡುವೆ ಏನೋ ಸೀಳಿದ ಹಾಗಾಯಿತು ಎಂದಳು.

“ಮೊಟ್ಟೆ ಹುಳಿ ಜಾಸ್ತಿ ಆಯ್ತೇನೋ,” ಎಂದ ಎಲ್ಡನ್.

“ಇರ್ಬೋದು. ಗ್ಯಾಸು.”

ಐದು ನಿಮಿಷ ಬಿಟ್ಟು ನೋಡಿದರೆ ಅವಳ ಹಣೆಯಲ್ಲಿ ಬೆವರು. ಕಾಫಿ ಲೋಟ ಅರ್ಧದಲ್ಲೇ ನಿಂತಿತ್ತು. ರಸ್ತೆಯ ಪಕ್ಕದಲ್ಲಿ ನೀಲಿ ಫಲಕ ಬಂತು, ಅದರ ಮೇಲೆ ಬಿಳಿಯ ಅಕ್ಷರದಲ್ಲಿ ಆಸ್ಪತ್ರೆಯ ಗುರುತು. ಇಬ್ಬರೂ ಅದನ್ನು ನೋಡಿದರು.

“ತಡ್ಕೊಳ್ಳೋಕಾಗತ್ತಾ, ಅರ್ಲೀ? ವರ್ಮಾಂಟ್‌ಗೆ ಇನ್ನೆರಡು ಗಂಟೆ.”

ಈ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ ದೇವರೇ ಬಲ್ಲ. ಅವಳು ಅವನ ತೊಡೆ ತಟ್ಟಿದಳು. ನಲವತ್ತೆಂಟು ವರ್ಷ ಅವನ ಜೊತೆ ಬಾಳಿದವಳು. ಆ ಡಿಕ್ಕಿಯಲ್ಲಿ ಪಿಸ್ತೂಲಿದ್ದರೆ ಅವನ ಎದೆಯಲ್ಲಿ ಏನು ಕುಟ್ಟುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು. “ಹೋಗು, ಹೋಗು,” ಎಂದಳು. ಅವನು ಹೋದ.

ಎರಡನೆಯ ನೀಲಿ ಫಲಕವೂ ಹಿಂದೆ ಸರಿಯಿತು. ಇಪ್ಪತ್ತು ನಿಮಿಷದ ಮೇಲೆ ಅರ್ಲೀನಳ ತಲೆ ಕಿಟಕಿಗೆ ಬಡಿಯಿತು. ಹೆಸರು ಹಿಡಿದು ಕೂಗಿದರೆ ಬರೀ “ಹ್ಞೂಂ” ಎಂದಳು. ಎಲ್ಡನ್‌ಗೆ ಜೀವ ಬಾಯಿಗೆ ಬಂತು. ಮೂರನೆಯ ಫಲಕ ಕಂಡದ್ದೇ ಹೆದ್ದಾರಿ ಬಿಟ್ಟು ಇಳಿದ. ಜೀವಮಾನದಲ್ಲಿ ಮೊದಲ ಸಲ ಕೆಂಪು ದೀಪ ದಾಟಿದ, ಅದು ಅವನಿಗೆ ಗೊತ್ತೂ ಆಗಲಿಲ್ಲ. ಆಸ್ಪತ್ರೆಯ ತುರ್ತು ಬಾಗಿಲಿನ ಮುಂದೆ ಕಾರು ನಿಲ್ಲಿಸಿ, ಅವಳ ಕಡೆಯ ಬಾಗಿಲು ತೆಗೆದ. ಒಳಗಿನವರೇ ಕಂಡು ಗಾಲಿಯ ಮಂಚ ತಂದು ಅವಳನ್ನು ಎತ್ತಿಕೊಂಡು ಹೋದರು.

ಅವನೂ ಹಿಂದೆಯೇ ಓಡುತ್ತಿದ್ದ. ಅಷ್ಟರಲ್ಲಿ ಕಾವಲುಗಾರ ತಡೆದ. ಹಸನ್ಮುಖಿ, ಒಳ್ಳೆಯ ಮನುಷ್ಯ. “ಸರ್, ಆಂಬುಲೆನ್ಸ್ ಬರೋ ಜಾಗ ಇದು. ಕೀ ಕೊಟ್ಟು ನೀವು ಒಳಗೆ ಹೋಗಿ, ಗಾಡಿ ನಾನು ನಿಲ್ಲಿಸ್ತೀನಿ.”

ಎಲ್ಡನ್ ಕೀ ಕೊಡಲು ಕೈ ಚಾಚಿದ. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಯೇ ಇಲ್ಲ. ಆದರೆ ಬೇರೆಯವನ ಕೈಗೆ ಗಾಡಿ ಕೊಡುವಾಗ, ಒಳಗಿರುವುದನ್ನು ಹೇಳದೆ ಕೊಡುವುದುಂಟೇ? ಹೆಂಡತಿಯ ಜೀವ ಹೋಗುತ್ತಿರುವಾಗಲೂ ಅಷ್ಟು ವರ್ಷ ಹೇಳಿಕೊಟ್ಟ ಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಎರಡೂ ಕೈಗಳನ್ನು ಕಾಣುವ ಹಾಗೆ ಎದೆಯ ಮಟ್ಟಕ್ಕೆ ಎತ್ತಿ ಹೇಳಿದ:

“ಸರ್, ನಿಮ್ಗೆ ಹೇಳ್ಬೇಕು. ಡಿಕ್ಕೀಲಿ ಪಿಸ್ತೂಲಿದೆ. ಗುಂಡು ತೆಗ್ದಿದೆ, ಬೀಗ ಹಾಕಿದೆ.”

ಕಾವಲುಗಾರನ ಮುಖದ ನಗು ಇಳಿಯಿತು. “ಇಲ್ಲೀ ಪರವಾನಗಿ ಇದ್ಯಾ ಸರ್?”

“ಇಲ್ಲ. ನಾವು ಪೆನ್ಸಿಲ್ವೇನಿಯಾದೋರು. ವರ್ಮಾಂಟ್‌ಗೆ ಹೋಗ್ತಿದ್ವಿ, ಬರೀ ದಾಟ್ಕೊಂಡು.”

“ಅಯ್ಯೋ ಸರ್,” ಎಂದ ಕಾವಲುಗಾರ ಮೆಲ್ಲಗೆ. “ಯಾಕ್ ಸರ್ ಹೇಳಿದ್ರಿ ನಂಗೆ? ಹೇಳಿದ್ಮೇಲೆ ನಾನು ಫೋನ್ ಮಾಡ್ಲೇಬೇಕು. ಮಾಡ್ದಿದ್ರೆ ನನ್ ಕೆಲ್ಸ ಹೋಗತ್ತೆ.”

ಒಳಗೆ ವೈದ್ಯೆ ಅವನಿಗಾಗಿ ಕಾಯುತ್ತಿದ್ದಳು. ಎದೆಯಿಂದ ಹೊರಡುವ ದೊಡ್ಡ ರಕ್ತನಾಳ ಒಳಗಿನಿಂದ ಸೀಳುತ್ತಿದೆ, ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕು, ತಂಡ ಸಿದ್ಧವಾಗುತ್ತಿದೆ ಎಂದಳು. ಆಮೇಲೆ ಕೇಳಿದಳು: “ನೋವು ಯಾವಾಗ ಶುರುವಾಯ್ತು?”

“ಒಂಬತ್ತಕ್ಕೆ.”

ಅವಳು ಗೋಡೆಯ ಗಡಿಯಾರ ನೋಡಿದಳು. ಒಂಬತ್ತೂ ಐವತ್ತೈದು. “ಹೆದ್ದಾರೀಲಿ ಬಂದ್ರಾ? ದಾರೀಲಿ ಎರಡು ಆಸ್ಪತ್ರೆ ಸಿಗ್ಬೇಕಲ್ಲ?”

“ಸಿಕ್ತು,” ಎಂದ ಎಲ್ಡನ್.

ವೈದ್ಯೆ ಕೈಗವಸು ಹಾಕಿಕೊಳ್ಳುತ್ತ ಒಳಗೆ ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅರ್ಲೀನಳ ಪರದೆಯ ಹೊರಗೆ ಕುರ್ಚಿ ಎಳೆದು ಕೂರುವಷ್ಟರಲ್ಲಿ ಆ ಊರಿನ ಪೊಲೀಸರು ಬಂದರು. ಸಾರ್ಜೆಂಟ್ ಟಿಯರ್ನಿ ಎಂಬ ದಪ್ಪ ಮೀಸೆಯ, ದಣಿದ ಕಣ್ಣಿನ ಮನುಷ್ಯ. ಎಲ್ಡನ್ ಕಾನೂನಿನ ಪ್ರತಿಯ ವಿಷಯ ಹೇಳಿದ. ಕಾರಿನಲ್ಲಿದೆ, ಪ್ಲಾಸ್ಟಿಕ್ ಹೊದಿಸಿದೆ, ತಂದು ತೋರಿಸುತ್ತೇನೆ ಎಂದ. ಟಿಯರ್ನಿ ತಾಳ್ಮೆಯಿಂದಲೇ ಕೇಳಿಸಿಕೊಂಡ.

“ಗೊತ್ತು ಸರ್. ಅದನ್ನ ನ್ಯಾಯಾಧೀಶರ ಮುಂದೆ ಹೇಳ್ಬೇಕು, ಅವ್ರು ಒಪ್ಬೋದು. ಬೀದೀಲಿ ನಿಂತು ನಾನು ತೀರ್ಮಾನ ಮಾಡೋಕಾಗಲ್ಲ. ಈ ರಾಜ್ಯದಲ್ಲಿ ಇಲ್ಲೀ ಪರವಾನಗಿ ಇಲ್ದ ಪಿಸ್ತೂಲು ಸಿಕ್ತು, ನಾನು ಹಿಡೀಲೇಬೇಕು. ಒಂದೇ ಒಂದು ಮಾತು ಹೇಳಿ. ಪಿಸ್ತೂಲು ಯಾರ್ದು?”

ಪರದೆಯ ಆಚೆ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. ಎಲ್ಡನ್‌ಗೆ ಎಪ್ಪತ್ತಮೂರು. ಬುದ್ಧಿ ಬಂದಂದಿನಿಂದ ಒಂದು ಸುಳ್ಳು ಹೇಳಿದ ನೆನಪಿಲ್ಲ. ಅದಕ್ಕೇ ಕ್ಲಬ್ಬಿನಲ್ಲಿ ಅವನ ಜೊತೆ ಇಸ್ಪೀಟು ಆಡಲು ಎಲ್ಲರಿಗೂ ಆಸೆ, ಮುಖ ನೋಡಿದರೆ ಎಲೆ ಗೊತ್ತಾಗುತ್ತಿತ್ತು. ನಿಜ ಹೇಳಿದರೆ ಈ ಮೀಸೆಯವನು ಪರದೆ ಸರಿಸಿ ಆ ಮಂಚಕ್ಕೆ ಅವಳ ಕೈ ಬಿಗಿಯುತ್ತಾನೋ ಏನೋ.

“ನಂದು,” ಎಂದ.

ಟಿಯರ್ನಿ ಅವನ ಮುಖ ನೋಡಿದ. ಬರೆದುಕೊಂಡ.

ಅವಳನ್ನು ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಮುನ್ನ ನೋಡಲು ಬಿಡಿ ಎಂದು ಎಲ್ಡನ್ ಬೇಡಿಕೊಂಡ. ಆಗಲ್ಲ ಎನ್ನಬಹುದಿತ್ತು, ಟಿಯರ್ನಿ ಹಾಗೆನ್ನಲಿಲ್ಲ. ಕೈಗೆ ಬೇಡಿಯನ್ನೂ ಹಾಕಲಿಲ್ಲ. ಆದರೆ ಜೊತೆಗೇ ಪರದೆಯೊಳಗೆ ಬಂದು ಮಂಚದ ಕಾಲ ಬಳಿ ನಿಂತ.

ಅರ್ಲೀನಳಿಗೆ ಔಷಧಿಯಿಂದ ನೋವು ತಗ್ಗಿ ಎಚ್ಚರ ಬಂದಿತ್ತು. ಮುಖ ಮಾತ್ರ ಬಿಳಿಚಿಕೊಂಡಿತ್ತು. ಸಮವಸ್ತ್ರ ನೋಡಿದವಳೇ, “ಎಲ್ಡನ್, ಏನ್ ಮಾಡ್ಕೊಂಡೆ?” ಎಂದಳು.

“ಏನಿಲ್ಲ ಕಣೆ. ಗಾಡಿ ನಿಲ್ಸಿದ ಜಾಗದ ವಿಷ್ಯ.”

“ಎಲ್ಲಿ, ನನ್ ಕಡೆ ನೋಡ್ಕೊಂಡು ಹೇಳು.”

ಅವನು ನೆಲ ನೋಡಿದ. ಅವಳು ಸಾರ್ಜೆಂಟನ ಕಡೆ ತಿರುಗಿದಳು. “ನೀವಾದ್ರೂ ಹೇಳಿ.”

“ಡಿಕ್ಕೀಲಿದ್ದ ಪಿಸ್ತೂಲಿನ ವಿಷ್ಯ, ಮೇಡಂ. ನಂದು ಅಂದ್ರು ಇವ್ರು. ನೀವು ಆಯಾಸ ಮಾಡ್ಕೋಬೇಡಿ.”

ಅರ್ಲೀನಳಿಗೆ ನಗು ಬಂತು. ನಕ್ಕರೆ ನೋವಾಗಿ ಕಣ್ಣು ಮುಚ್ಚಿದಳು, ಆದರೂ ತುಟಿಯಲ್ಲಿ ನಗು ಇತ್ತು. “ಇವ್ನದಾ? ಇವ್ನು ಹೊಡೆದ್ರೆ ಪಕ್ಕದೋರ ಕಾಗದಕ್ಕೆ ತೂತು ಬೀಳತ್ತೆ. ಅದು ನಂದು. ನಮ್ಮಪ್ಪ ನಂಗೆ ಕೊಟ್ಟಿದ್ದು.”

“ಅರ್ಲೀ, ಸುಮ್ನಿರೇ.”

“ನೀನ್ ಸುಮ್ನಿರು. ಇಷ್ಟು ವರ್ಷ ಇಲ್ದೇ ಇವತ್ತೇನಾ ಸುಳ್ಳು ಕಲಿಯೋದು, ಅದೂ ಪೊಲೀಸ್ನೋರ ಹತ್ರ? ಬರ್ಕೊಳ್ಳಿ ಸಾರ್ಜೆಂಟ್. ಅರ್ಲೀನ್ ಹಾಕ್. ಅವ್ನು ಬರೀ ಡ್ರೈವರ್ರು. ಅವ್ನನ್ನ ಬಿಟ್ಬಿಡಿ, ನಾನು ಹೊರಗ್ ಬಂದ್ಮೇಲೆ ನನ್ನ ಹಿಡ್ಕೊಳ್ಳಿ.”

ಟಿಯರ್ನಿ ಪೆನ್ನು ಹಿಡಿದು ನಿಂತೇ ಇದ್ದ. ಕೇಳಿಸಲಿಲ್ಲ ಅನ್ನುವ ಹಾಗೆ ತಿರುಗಿ ಹೋಗುತ್ತಾನೆಂದು ಎಲ್ಡನ್ ಕಾದ. ಅವನೂ ಎಲ್ಡನ್‌ನಂಥವನೇ, ಹೇಳಿದ್ದನ್ನು ಬರೆಯದೆ ಬಿಡುವ ಜಾತಿಯಲ್ಲ. ಬರೆದ. ಸಮಯ ನೋಡಿ ಅದನ್ನೂ ಬರೆದ, ಎಲ್ಡನ್ ಮೊದಲು ಹೇಳಿದ್ದನ್ನು ಮಾತ್ರ ಹೊಡೆದುಹಾಕಲಿಲ್ಲ.

ಆಸ್ಪತ್ರೆಯವರು ಬಂದು ಮಂಚ ತಳ್ಳಿಕೊಂಡು ಹೊರಟರು. ಎಲ್ಡನ್ ಅವಳ ಕೈ ಹಿಡಿದು ಲಿಫ್ಟಿನ ತನಕ ಹೋದ. “ಮೊಟ್ಟೆ ಬಿಸಾಕ್ಬೇಡ, ತಿಂದ್ಬಿಡು, ಬೆಳಗ್ಗಿಂದ ಏನೂ ತಿಂದಿಲ್ಲ ನೀನು,” ಎಂದಳು ಅವಳು. “ಎದ್ದಾಗ ಇಲ್ಲೇ ಇರ್ತೀಯಲ್ಲ?”

“ಇರ್ತೀನಿ.”

ಅದು ಆ ದಿನದ ಮೂರನೆಯ ಸುಳ್ಳು. ಸುಳ್ಳು ಎಂದು ಹೇಳುವಾಗಲೇ ಗೊತ್ತಿತ್ತು. ಹಿಂದೆ ಟಿಯರ್ನಿ ನಿಂತಿದ್ದ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಸಾರ್ಜೆಂಟ್ ಅವನ ತೋಳು ಮುಟ್ಟಿ, “ಬನ್ನಿ ಸರ್,” ಎಂದ. ಇನ್ನೊಂದು ಬಾಗಿಲಿನಿಂದ ಅವರು ಹೊರಗೆ ಹೋದರು.

ಠಾಣೆಯಲ್ಲಿ ಬೆರಳಚ್ಚು ತೆಗೆದುಕೊಂಡರು, ಫೋಟೋ ಹಿಡಿದರು, ಬೆಲ್ಟು ಬಿಚ್ಚಿಸಿಕೊಂಡರು. ಕೋಣೆಯ ಬೆಂಚಿನಲ್ಲಿ ಎಲ್ಡನ್ ಪ್ಯಾಂಟು ಹಿಡಿದುಕೊಂಡು ಕೂತ. ಹತ್ತು ನಿಮಿಷಕ್ಕೊಮ್ಮೆ ಎದ್ದು ಬಾಗಿಲ ಹತ್ತಿರ ಹೋಗಿ, ಆಸ್ಪತ್ರೆಯಿಂದ ಫೋನ್ ಬಂತೇ ಎಂದು ಕೇಳುತ್ತಿದ್ದ. ಮೇಜಿನ ಮುಂದಿದ್ದ ಹುಡುಗಿ ಮೊದಲು “ಇಲ್ಲ ಸರ್” ಎನ್ನುತ್ತಿದ್ದಳು. ಆಮೇಲಾಮೇಲೆ ಅವನು ಏಳುವುದನ್ನು ಕಂಡೇ ತಲೆಯಾಡಿಸುತ್ತಿದ್ದಳು. ಏನು ಮಾಡಲಿ ಎಂದು ಅವನು ಯೋಚಿಸಿದ. ಮಾಡುವಂಥದ್ದು ಒಂದೂ ಇರಲಿಲ್ಲ. ಮೂರು ಗಂಟೆಗೆ ಟಿಯರ್ನಿ ತಾನೇ ಬಂದ. ಬಾಗಿಲು ತೆಗೆದು ಒಳಗೆ ಬಂದು, ಟೋಪಿ ತೆಗೆದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತ. ಟೋಪಿ ತೆಗೆದಾಗಲೇ ಎಲ್ಡನ್‌ಗೆ ಗೊತ್ತಾಯಿತು.

“ಎರಡೂ ನಲವತ್ತಕ್ಕೆ ಹೋದ್ರಂತೆ, ಸರ್. ತಡವಾಗಿತ್ತಂತೆ. ಎಚ್ಚರ ಬರ್ಲಿಲ್ಲ ಅವ್ರಿಗೆ.”

ಎಲ್ಡನ್ ಅತ್ತ. ಪಕ್ಕದಲ್ಲಿ ಪೊಲೀಸಿನವನು ಕೂತಿದ್ದಾನೆ, ಪ್ಯಾಂಟು ಜಾರುತ್ತಿದೆ, ಯಾವುದರ ಪರಿವೆಯೂ ಇಲ್ಲದೆ ಹಸುಗೂಸಿನ ಹಾಗೆ ಅತ್ತ. ಟಿಯರ್ನಿ ಎದ್ದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನ್ಯಾಯಾಲಯ. ಅವನ ಪರ ವಾದಿಸಲು ಸರ್ಕಾರವೇ ಕೊಟ್ಟ ವಕೀಲೆ ಇನೆಜ್ ಕೊರ್ಬಿನ್ ನಲವತ್ತರ ಚುರುಕಿನ ಹೆಂಗಸು. ನ್ಯಾಯಾಧೀಶರು ಎಲ್ಡನ್‌ನನ್ನು ಬಿಟ್ಟರು, ಆದರೆ ಷರತ್ತು ಹಾಕಿ: ಪ್ರಕರಣ ಮುಗಿಯುವವರೆಗೂ ನ್ಯೂಯಾರ್ಕ್ ರಾಜ್ಯ ಬಿಟ್ಟು ಹೋಗುವಂತಿಲ್ಲ. ಮುಂದಿನ ತಾರೀಕು ಆಗಸ್ಟ್ ಹತ್ತೊಂಬತ್ತು.

“ಅವಳನ್ನ ಊರಿಗೆ ಕರ್ಕೊಂಡು ಹೋಗ್ಬೇಕು,” ಎಂದ ಎಲ್ಡನ್, ಹೊರಗೆ ಮೊಗಸಾಲೆಯ ಬೆಂಚಿನಲ್ಲಿ. “ನಮ್ಮ ಚರ್ಚಿನ ಹಿಂದೆ ಅವಳಪ್ಪನ ಪಕ್ಕದಲ್ಲಿ ಜಾಗ ಇದೆ. ಶನಿವಾರ ಮಣ್ಣು ಮಾಡೋದು ಅಂತ ಪಾದ್ರಿಗಳು ಹೇಳಿದಾರೆ.”

“ಅದಕ್ಕೇ ಬಂದೆ.” ಇನೆಜ್ ಕಡತ ಬಿಚ್ಚಿದಳು. “ನೋಡಿ, ಆಗಸ್ಟ್‌ನಲ್ಲಿ ವಾದ ಮಾಡಿದ್ರೆ ನಾವು ಗೆಲ್ತೀವಿ ಅಂತ ನಂಗೆ ಧೈರ್ಯ ಇದೆ. ಜೀವ ಹೋಗೋ ಹೆಂಡ್ತೀನ ಆಸ್ಪತ್ರೆಗೆ ತಂದ್ರೆ ಅದೂ ದಾಟೋ ಪ್ರಯಾಣದ ಭಾಗ ಅಂತ್ಲೇ ಲೆಕ್ಕ. ಯಾವ ನ್ಯಾಯಾಧೀಶರೂ ಅದನ್ನ ತಪ್ಪು ಅನ್ನಲ್ಲ.”

ಎಲ್ಡನ್ ತಲೆಯೆತ್ತಿದ. “ನಿಲ್ಲಿಸ್ಬೋದಿತ್ತಾ?”

“ಖಂಡಿತ.”

“ಮೊದಲ್ನೇ ಆಸ್ಪತ್ರೇಲೂ?”

ಅವನು ಏನು ಕೇಳುತ್ತಿದ್ದಾನೆಂದು ಇನೆಜ್‌ಗೆ ಆಗ ಹೊಳೆಯಿತು. ಮಾತು ಹಿಂತೆಗೆದುಕೊಳ್ಳುವಂತಿರಲಿಲ್ಲ. “ನಿಮ್ಗೆ ಗೊತ್ತಿರ್ಲಿಲ್ಲ, ಹಾಕ್ ಅವ್ರೇ,” ಎಂದಳು ತಗ್ಗಿದ ದನಿಯಲ್ಲಿ. ಕಡತದಿಂದ ಒಂದು ಹಾಳೆ ತೆಗೆದಳು.

“ಶನಿವಾರಕ್ಕೆ ನೀವು ಊರಲ್ಲಿರ್ಬೇಕು ಅಂದ್ರೆ ಒಂದೇ ದಾರಿ ಇರೋದು. ಪಿಸ್ತೂಲು ತನ್ನದು ಅಂತ ನಿಮ್ಮ ಹೆಂಡ್ತಿ ಸಾರ್ಜೆಂಟ್ ಮುಂದೆ ಹೇಳಿದಾರೆ. ಅದು ನಿಜ ಅಂತ ನೀವೂ ಬರೆದು ಸಹಿ ಹಾಕಿದ್ರೆ, ಸರ್ಕಾರಿ ವಕೀಲರು ನಿಮ್ಮ ಮೇಲಿನ ಕೇಸು ಇವತ್ತೇ ಬಿಡ್ತಾರೆ. ಮಾತಾಡಿ ಬಂದಿದೀನಿ. ಸತ್ತೋರ ಮೇಲೆ ಕೇಸು ನಡಿಯಲ್ಲ. ಅಲ್ಲಿಗೆ ಎಲ್ಲಾ ಮುಗೀತು.”

“ಅವಳ ಹೆಸರು ಇರತ್ತಾ ಅದ್ರಲ್ಲಿ?”

“ಪರವಾನಗಿ ಇಲ್ದೆ ಇಟ್ಕೊಂಡಿದ್ದೋರು ಅಂತ ಇರತ್ತೆ. ಯಾರೂ ನೋಡಲ್ಲ ಅದನ್ನ.”

“ನನ್ನ ಹೆಸರು?”

“ಇರಲ್ಲ.”

ಹಾಳೆಯನ್ನು ಅವನು ಮೇಲಿಂದ ಕೆಳಗೆ ಓದಿದ. ಅದರಲ್ಲಿದ್ದದ್ದು ಅಷ್ಟೂ ನಿಜವೇ. ಅವಳೇ ತನ್ನ ಬಾಯಾರೆ ಹೇಳಿ ಬರೆಸಿದ್ದು. ಸಹಿ ಹಾಕದಿದ್ದರೆ ಅವಳು ಒಬ್ಬಳೇ ಅಪರಿಚಿತರ ಗಾಡಿಯಲ್ಲಿ ಊರಿಗೆ ಹೋಗಬೇಕು, ಒಬ್ಬಳೇ ಮಣ್ಣಿಗಿಳಿಯಬೇಕು. ಹಾಕಿದರೆ ಜೀವಮಾನವಿಡೀ ಯಾರಿಗೂ ಕೇಡು ಬಯಸದ ಹೆಂಗಸಿನ ಹೆಸರಿನ ಮುಂದೆ ಪೊಲೀಸರ ಕಡತದಲ್ಲಿ ಈ ಮಾತು ಉಳಿಯಬೇಕು. ಮೂರನೆಯದೊಂದು ದಾರಿ ಇದೆಯೇ ಎಂದು ಕೇಳಿದ. ಇಲ್ಲ ಎಂದಳು ಇನೆಜ್.

ಅವನು ಪೆನ್ನು ತೆಗೆದುಕೊಂಡ. ಹಾಳೆಯ ಕೆಳಗೆ ಎರಡು ಬೆರಳಷ್ಟು ಜಾಗ ಖಾಲಿಯಿತ್ತು.

“ಇಲ್ಲಿ ಇನ್ನೊಂದು ಸಾಲು ಬರೀಬೋದಾ?”

“ಏನಂತ?”

“ಮೊದಲ್ನೇ ಆಸ್ಪತ್ರೆ ಕಂಡ್ರೂ ನಿಲ್ಲಿಸ್ದೆ ಹೋದೋನು ನಾನು ಅಂತ. ಎರಡನೇದು ಕಂಡಾಗ್ಲೂ.”

ಇನೆಜ್ ಅವನ ತೋಳಿನ ಮೇಲೆ ಕೈಯಿಟ್ಟಳು. “ಅದಕ್ಕೆ ಯಾವ ಕೇಸೂ ಇಲ್ಲ, ಹಾಕ್ ಅವ್ರೇ. ಅದನ್ನ ಯಾರೂ ಕೇಳಲ್ಲ.”

ಅವನು ಇನ್ನೂ ಸ್ವಲ್ಪ ಹೊತ್ತು, ಯಾರಾದರೂ ಕೇಳಬಹುದೇನೋ ಎಂಬಂತೆ ಕೂತಿದ್ದ. ಆಮೇಲೆ ಹೆಂಡತಿಯ ಹೆಸರಿನ ಕೆಳಗೆ ಸಹಿ ಹಾಕಿ ಹಾಳೆಯನ್ನು ಇನೆಜ್ ಕೈಗೆ ಕೊಟ್ಟ.